ಅಹವಾಲು ವಿಚಾರಣೆಗೆ ಮೊದಲು ಒಂದು ಸಭೆ ಕಡ್ಡಾಯವಾಗಲಿ

ಮಾನ್ಯ ಸಂಪಾದಕರೇ,

ಸರ್ಕಾರಿ ನೌಕರರ ಅಹವಾಲುಗಳು ಬೇಗ ಇತ್ಯರ್ಥವಾಗುವುದಿಲ್ಲ ಎಂದು ದೂರು ಬಂದಾಗಲೆಲ್ಲ ಸಿಗುವ ಉತ್ತರ ಒಂದೇ: ಅಧಿಕಾರಿಗಳು ಕಡಿಮೆ, ಕಡತಗಳು ಜಾಸ್ತಿ. ಅದು ಸುಳ್ಳಲ್ಲ. ಆದರೆ ವಿಚಾರಣೆಯ ದಿನ ಬಂದರೂ ತಕರಾರು ಯಾವುದರ ಮೇಲೆ ಎಂಬುದೇ ಗೊತ್ತಾಗಿರುವುದಿಲ್ಲ, ಅದಕ್ಕೇನು ಹೇಳುವುದು? ನೌಕರರು ಬಡ್ತಿ ತಪ್ಪಿದ್ದನ್ನು ಹೇಳುತ್ತಾರೆ, ಇಲಾಖೆ ಅರ್ಜಿಯೇ ತಡವಾಗಿ ಬಂದಿದೆ ಎನ್ನುತ್ತದೆ. ಬೇಕಾದ ಕಡತ ಇನ್ನೊಂದು ಕಚೇರಿಯಲ್ಲಿರುತ್ತದೆ. ಸಾಕ್ಷಿಗೆ ನೋಟಿಸೇ ಹೋಗಿರುವುದಿಲ್ಲ. ಮತ್ತೊಂದು ತಾರೀಖು ಬೀಳುತ್ತದೆ.

ವಿಚಾರಣೆಗೆ ಮೊದಲೇ ಅಧಿಕಾರಿ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿದರೆ ಇದರಲ್ಲಿ ಬಹುಪಾಲು ತಪ್ಪುತ್ತದೆ. ಎಲ್ಲರೂ ಒಂದೇ ಕೋಣೆಯಲ್ಲಿ ಸೇರಬೇಕೆಂದೇನಿಲ್ಲ, ಫೋನಿನಲ್ಲೂ ಮುಗಿಸಬಹುದು. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ನೌಕರರ ಮೇಲ್ಮನವಿಗಳನ್ನು ಕೇಳುವ ಮೆರಿಟ್ ಸಿಸ್ಟಮ್ಸ್ ಪ್ರೊಟೆಕ್ಷನ್ ಬೋರ್ಡ್ 1978ರ ಕಾನೂನಿನಿಂದ ಬಂದದ್ದು. ಅಲ್ಲಿ ಇಂಥ ಸಭೆ ಮಾಮೂಲು. ಸಭೆಗೆ ಮುಂಚೆ ಇಬ್ಬರೂ ಸಾಕ್ಷಿಗಳ ಪಟ್ಟಿ ಕೊಡುತ್ತಾರೆ. ಬರೀ ಹೆಸರು ಸಾಲದು, ಆ ಸಾಕ್ಷಿ ಯಾವ ವಿಷಯಕ್ಕೆ ಬೇಕು ಎಂಬುದನ್ನೂ ಬರೆಯಬೇಕು. ಯಾರ ಸಾಕ್ಷ್ಯ ಕೇಳುವುದು, ಯಾರದು ಬೇಡ ಎಂಬುದನ್ನು ನ್ಯಾಯಾಧೀಶರು ಅಲ್ಲೇ ತಿಳಿಸುತ್ತಾರೆ.

ಇಬ್ಬರೂ ಒಪ್ಪುವ ಸಂಗತಿಗಳನ್ನು ಬರೆದಿಟ್ಟುಕೊಂಡರೆ ಎಷ್ಟು ಕೆಲಸ ಉಳಿಯುತ್ತದೆ ನೋಡಿ. ಕೆಲಸಕ್ಕೆ ಸೇರಿದ ದಿನ, ಆದೇಶ ಕೈಸೇರಿದ ದಿನ, ಹಿರಿತನದ ಪಟ್ಟಿಯಲ್ಲಿ ಯಾರ ಹೆಸರು ಎಲ್ಲಿದೆ ಎಂಬುದರ ಬಗ್ಗೆ ಜಗಳವೇ ಇರುವುದಿಲ್ಲ. ಆದರೂ ಅದನ್ನು ಹೇಳಿಸಲು ಒಬ್ಬ ಗುಮಾಸ್ತರನ್ನು ಸಾಕ್ಷಿಯಾಗಿ ಕರೆಸುತ್ತಾರೆ, ಅವರ ಇಡೀ ದಿನ ಸುಮ್ನೆ ಹಾಳು.

ಈ ಸಭೆ ಹೆಚ್ಚು ಬೇಕಾಗಿರುವುದು ವಕೀಲರಿಲ್ಲದೆ ಬರುವ ನೌಕರರಿಗೆ. ಯಾವುದನ್ನು ಯಾರು ರುಜುವಾತು ಮಾಡಬೇಕು ಎಂಬುದು ಅವರಿಗೆ ಹೇಗೆ ಗೊತ್ತಿರಬೇಕು? ಶಿಸ್ತುಕ್ರಮ ತೆಗೆದುಕೊಂಡಿದ್ದರೆ ತಪ್ಪು ನಡೆದಿದೆ ಎಂದು ತೋರಿಸುವ ಹೊಣೆ ಸಾಮಾನ್ಯವಾಗಿ ಇಲಾಖೆಯದು. ಬಡ್ತಿ, ಸಂಬಳದಂಥ ವಿಷಯಗಳಲ್ಲಿ ಆ ಹೊಣೆ ಹೆಚ್ಚಾಗಿ ಅರ್ಜಿದಾರರ ಮೇಲೇ ಬೀಳುತ್ತದೆ. ಇದು ಮೊದಲೇ ತಿಳಿದರೆ ಬೇಕಾದ ದಾಖಲೆ ಹುಡುಕಿ ತರಬಹುದು. ತೀರ್ಪು ಓದುವಾಗ ತಿಳಿದರೆ ಏನು ಪ್ರಯೋಜನ? ಇಲಾಖೆಯ ಪರ ಬರುವವರಿಗೆ ಇದೆಲ್ಲ ದಿನನಿತ್ಯದ ಕೆಲಸ, ನೌಕರರಿಗೆ ಬಹುಶಃ ಜೀವನದಲ್ಲಿ ಒಂದೇ ಸಲ. ಈ ಅಂತರ ನನಗೆ ತುಂಬ ನೋವು ಕೊಡುವ ವಿಷಯ.

ಸಭೆ ನಡೆದರಷ್ಟೇ ಸಾಲದು. ಮಾತಾಡಿದ್ದು ಏನು, ತೀರ್ಮಾನವಾದದ್ದು ಏನು ಎಂಬುದು ಲಿಖಿತ ಆದೇಶವಾಗಿ ಇಬ್ಬರ ಕೈಗೂ ಬರಬೇಕು. ತಪ್ಪಿದ್ದರೆ ಆಕ್ಷೇಪ ಹೇಳಲು ಕೆಲವು ದಿನ ಕೊಡಬೇಕು. ಇಲ್ಲದಿದ್ದರೆ 'ನೀವು ಆ ವಿಷಯ ಅಂದೇ ಕೈಬಿಟ್ಟಿರಿ' ಎಂದು ಆಮೇಲೆ ಹೇಳಿದಾಗ ನೌಕರರು ಏನು ತೋರಿಸುತ್ತಾರೆ?

ರಾಜಿಯ ಮಾತೂ ಇಲ್ಲಿ ಬರುವುದು ಸಹಜ. ಎಷ್ಟೋ ಅಹವಾಲುಗಳು ಹಾಗೆ ಮುಗಿದರೆ ಒಳ್ಳೆಯದೇ. ಆದರೆ ನಾಳೆ ತೀರ್ಪು ಕೊಡುವವರೇ ಇಂದು 'ಒಪ್ಪಿಕೊಳ್ಳಿ' ಎಂದರೆ ಅದು ಸಲಹೆಯಾಗಿ ಕೇಳಿಸುವುದಿಲ್ಲ, ಅಲ್ವಾ? ಆದ್ದರಿಂದ ನಿಯಮ ಮಾಡುವವರಲ್ಲಿ ನನ್ನ ಮನವಿ ಇಷ್ಟು: ಸಭೆಯನ್ನು ಕಡ್ಡಾಯ ಮಾಡಿ, ರಾಜಿ ಮಾತುಕತೆಯನ್ನು ಮಾತ್ರ ಬೇರೆ ಅಧಿಕಾರಿಯ ಮುಂದೆ ಇಡಿ. ಅಲ್ಲಿ ಆಡಿದ ಮಾತು ವಿಚಾರಣೆಯ ಕಡತಕ್ಕೆ ಸೇರದಿರಲಿ.

ಇಂತಿ,
ನಿವೃತ್ತ ಸರ್ಕಾರಿ ನೌಕರ