ಸಿಹಿ ಕಳ್ಳೂ ಬೇಡ, ಮಗಳೇ

ಮುಳ್ಳೇರಿಯ

ಪ್ರೀತಿಯ ಸುಮಾ,

ಬಸುರಿಯಾದ ನನಗೆ ಅತ್ತೆ ದಿನಾ ಬೆಳಿಗ್ಗೆ ಒಂದು ಲೋಟ ಸಿಹಿ ಕಳ್ಳು ಕುಡಿ, ಮೈಗೆ ತಂಪು ಅನ್ನುತ್ತಾರೆ, ಏನು ಮಾಡಲಿ ದೊಡ್ಡಮ್ಮ ಅಂತ ಕೇಳಿದ್ದೆ. ಬೇಡ. ಅವರ ಮೇಲೆ ಸಿಟ್ಟಾಗಬೇಡ, ನಮ್ಮ ಕಡೆ ಹಳಬರು ಕಳ್ಳನ್ನು ಮದ್ದು ಅಂತಲೇ ನಂಬಿದವರು. ಆದರೆ ಮಡಕೆಗೆ ಸುಣ್ಣ ಹಚ್ಚದಿದ್ದರೆ ಅದು ಮರದ ಮೇಲೆಯೇ ಹುಳಿಯಲು ಶುರುವಾಗುತ್ತದೆ. ಸಿಹಿ ಇದೆ ಅಂದ ಮಾತ್ರಕ್ಕೆ ಅಮಲಿಲ್ಲ ಅಂತಲ್ಲ. ಹೇಳಲು ಸಂಕೋಚವಾದರೆ ಡಾಕ್ಟರು ಬೇಡ ಅಂದಿದ್ದಾರೆ ಅನ್ನು. ಅದೂ ನಡೆಯದಿದ್ದರೆ ಫೋನು ನನಗೆ ಕೊಡು.

ನೀನು ಕುಡಿದದ್ದು ರಕ್ತಕ್ಕೆ ಸೇರಿ ಮಾಸಿನ ಮೂಲಕ ಮಗುವಿಗೂ ಹೋಗುತ್ತದೆ. ಅದನ್ನು ಕರಗಿಸುವ ಶಕ್ತಿ ಮಗುವಿನ ಲಿವರಿಗೆ ಇನ್ನೂ ಬಂದಿರುವುದಿಲ್ಲ. ಮೆದುಳು ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ‘ಮೂರು ತಿಂಗಳು ಕಳೆಯಿತಲ್ಲ, ಇನ್ನೇನು’ ಅನ್ನುವವರ ಮಾತು ಕೇಳಬೇಡ. ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಅಳತೆಯನ್ನು ಈವರೆಗೆ ಯಾರೂ ಕಂಡುಹಿಡಿದಿಲ್ಲ. ಬಿಯರ್, ವೈನ್, ಕಳ್ಳು ಎಲ್ಲ ಒಂದೇ. ಆಯುರ್ವೇದದ ಮದ್ದು ಅರಿಷ್ಟದಲ್ಲೂ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ. ಡಾಕ್ಟರನ್ನು ಕೇಳದೆ ಅದನ್ನೂ ಮುಟ್ಟಬೇಡ.

ಗೊತ್ತಾಗುವ ಮೊದಲು ಆಫೀಸಿನ ಪಾರ್ಟಿಯಲ್ಲಿ ವೈನ್ ಕುಡಿದದ್ದನ್ನು ನೆನೆದು ಅಳುತ್ತಿದ್ದೀಯಂತೆ. ಅಳು ಸಾಕು. ಕುಡಿದವರ ಮಕ್ಕಳಿಗೆಲ್ಲ ತೊಂದರೆ ಆಗಿಯೇ ಆಗುತ್ತದೆ ಅಂತಿಲ್ಲ. ಯಾವಾಗ ನಿಲ್ಲಿಸಿದರೂ ಮಗುವಿಗೆ ಲಾಭವೇ. ಡಾಕ್ಟರ ಹತ್ತಿರ ಮುಚ್ಚಿಡದೆ ಹೇಳು. ನಿನ್ನ ಗಂಡನೂ ಹೆರಿಗೆಯವರೆಗೆ ಮನೆಗೆ ಬಾಟಲಿ ತರುವುದು ಬೇಡ. ದೊಡ್ಡಮ್ಮನದ್ದು ಉಪದೇಶ ಜಾಸ್ತಿ ಅನ್ನಿಸಿದರೆ ಅನ್ನಿಸಲಿ.

ತಾಯಿ ಬಸುರಿನಲ್ಲಿ ಕುಡಿದದ್ದರಿಂದ ಮಗುವಿಗೆ ಬರುವ ಕಾಯಿಲೆಗೆ ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಅಂತ ಹೆಸರು ಬಂದದ್ದೇ 1973ರಲ್ಲಿ, ಅಮೆರಿಕದಲ್ಲಿ. ಅಂಥ ಮಕ್ಕಳಿಗೆ ಮೇಲ್ತುಟಿ ತೆಳು, ಮೂಗಿನ ಕೆಳಗಿನ ತಗ್ಗು ಕಾಣುವುದಿಲ್ಲ, ಕಣ್ಣು ಸಣ್ಣ, ಬೆಳವಣಿಗೆ ಕಡಿಮೆ. ಮುಖದಲ್ಲಿ ಏನೂ ಕಾಣದೆ ಬುದ್ಧಿಯಲ್ಲಿ, ನಡವಳಿಕೆಯಲ್ಲಿ ಮಾತ್ರ ಪೆಟ್ಟು ತಿಂದ ಮಕ್ಕಳೂ ಇದ್ದಾರೆ. ನನ್ನ ಅಂಗನವಾಡಿಯಲ್ಲಿ ಒಬ್ಬ ಹುಡುಗನಿದ್ದ. ಚಪ್ಪಲಿ ತೆಗೆದಿಡು, ಕೈ ತೊಳೆ, ಬಂದು ಊಟಕ್ಕೆ ಕೂತುಕೋ ಅಂದರೆ ಚಪ್ಪಲಿ ತೆಗೆದು ಅಲ್ಲೇ ನಿಂತುಬಿಡುತ್ತಿದ್ದ. ಹಠಮಾರಿ ಅಂತ ಮನೆಯಲ್ಲಿ ಹೊಡೆಯುತ್ತಿದ್ದರು. ಒಂದೊಂದೇ ಹೇಳಿದರೆ ಎಲ್ಲ ಮಾಡುತ್ತಿದ್ದ, ಪಾಪ. ಅವನ ತಾಯಿ ಬಸುರಿಯಾಗಿದ್ದಾಗಲೂ ಕುಡಿಯುತ್ತಿದ್ದಳು ಅಂತ ಆಸ್ಪತ್ರೆಗೆ ಕರೆದುಕೊಂಡು ಹೋದ ಮೇಲೆ ಗೊತ್ತಾಯಿತು. ಮೆದುಳಿಗೆ ಆದದ್ದನ್ನು ಸರಿಮಾಡುವ ಮದ್ದಿಲ್ಲ. ಆದರೆ ಸ್ಪೀಚ್ ಥೆರಪಿ, ಆಟದ ಜೊತೆ ಕಲಿಕೆ, ಚಂಚಲತೆ ಜಾಸ್ತಿಯಾದರೆ ಅದಕ್ಕೆ ಮಾತ್ರೆ, ಹೊಡೆತ ಬಡಿತವಿಲ್ಲದ ಮನೆ, ಇವೆಲ್ಲ ಆರು ವರ್ಷದೊಳಗೆ ಸಿಕ್ಕರೆ ಮಗು ಎಷ್ಟೋ ಸುಧಾರಿಸುತ್ತದೆ.

ನಿಮ್ಮ ತೋಟದ ಕೆಲಸಕ್ಕೆ ಬರುವ ಬಸುರಿ ಹೆಂಗಸು ದಿನಾ ಕುಡಿಯುತ್ತಾಳೆ ಅಂದೆಯಲ್ಲ, ಅವಳನ್ನು ಬೈಯಬೇಡಿ. ನಾಳೆಯಿಂದ ಪೂರ್ತಿ ಬಿಡು ಅಂತಲೂ ಹೇಳಬೇಡಿ. ಚಟ ಹತ್ತಿದವರು ಒಮ್ಮೆಗೇ ನಿಲ್ಲಿಸಿದರೆ ಅಪಸ್ಮಾರ ಬರಬಹುದು, ಜೀವಕ್ಕೂ ಅಪಾಯ. ಆಶಾ ಕಾರ್ಯಕರ್ತೆಯನ್ನು ಜೊತೆ ಮಾಡಿ ಆಸ್ಪತ್ರೆಗೆ ಕಳಿಸಿ. ಕೇರಳ ಸರಕಾರದ ವಿಮುಕ್ತಿ ಕೇಂದ್ರಗಳಲ್ಲಿ ಕುಡಿತ ಬಿಡಿಸುವ ಚಿಕಿತ್ಸೆ ಸಿಗುತ್ತದೆ. ಆ ದಿನದ ಕೂಲಿ ಹಿಡಿಯಬಾರದು ಅಂತ ನಿನ್ನ ಗಂಡನಿಗೆ ಈಗಲೇ ಹೇಳಿಡು.

ನಿನ್ನ
ದೊಡ್ಡಮ್ಮ