ಹಬ್ಬ ನಡೆಸಿಕೊಟ್ಟವರಿಗೆ

ಎಲ್ಲರಿಗೂ ನಮಸ್ಕಾರ.

ಮಗ ಮನೆಗೆ ಬಂದಿದ್ದಾನೆ. ಚೆನ್ನಾಗಿದ್ದಾನೆ. ಹಗಲೆಲ್ಲ ನಿದ್ದೆ ಮಾಡುತ್ತಾನೆ, ರಾತ್ರಿಯೆಲ್ಲ ಕೂಗುತ್ತಾನೆ. ‘ಪಾಪು ಹೇಗಿದೆ’ ಎಂದು ದಿನಾ ಕೇಳುತ್ತಿದ್ದಿರಿ, ಒಬ್ಬೊಬ್ಬರಿಗೇ ಉತ್ತರ ಕೊಡಲು ನನಗೆ ಆಗಲೇ ಇಲ್ಲ. ಎಷ್ಟೋ ಮೆಸೇಜುಗಳಿಗೆ ಬರೀ ಕೈಮುಗಿದ ಚಿತ್ರ ಹಾಕಿ ಬಿಟ್ಟಿದ್ದೆ. ಅಮ್ಮ ಊರಿಂದ ಬಂದಿದ್ದಾರೆ, ಸ್ವಲ್ಪ ಪುರುಸೊತ್ತು ಸಿಕ್ಕಿದೆ. ಕೂತು ಬರೆಯುತ್ತಿದ್ದೇನೆ.

ಮಗನನ್ನು ಉಳಿಸಿಕೊಟ್ಟ ಡಾಕ್ಟರು, ನರ್ಸುಗಳ ಋಣ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವತ್ತು ನಾನು ಹೇಳಬೇಕಿರೋದು ಅವನ ಅಕ್ಕನ ಕಥೆ. ಐದು ವರ್ಷದ ನಮ್ಮ ಪುಟ್ಟಿಯ ಹಬ್ಬಗಳನ್ನು ಈ ಸಲ ನಾವು ಮಾಡಲಿಲ್ಲ, ನೀವು ಮಾಡಿದಿರಿ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಡಿಸೆಂಬರ್ ಕೊನೆಗೆ ಹುಟ್ಟಬೇಕಿದ್ದವನು ಅಕ್ಟೋಬರ್ ಕೊನೆಗೇ ಹುಟ್ಟಿದ. ತೂಕ ಒಂದೂವರೆ ಕಿಲೋ ಕೂಡ ಇರಲಿಲ್ಲ. ಅಮ್ಮ ಬಾಣಂತನಕ್ಕೆ ನಿಧಾನವಾಗಿ ಬಂದರಾಯಿತು ಅಂದುಕೊಂಡಿದ್ದವರು ಗಡಿಬಿಡಿಯಲ್ಲಿ ವೀಸಾಕ್ಕೆ ಅರ್ಜಿ ಹಾಕಿದರು. ಅದು ಕೈಗೆ ಬರುವ ಹೊತ್ತಿಗೆ ಕ್ರಿಸ್‌ಮಸ್ ಮುಗಿದಿತ್ತು. ನಾನು ಹಗಲೆಲ್ಲ ಆಸ್ಪತ್ರೆಯಲ್ಲಿ. ನಮ್ಮವರು ಆಫೀಸು, ಆಸ್ಪತ್ರೆ, ಮನೆ ಅಂತ ಟ್ರಾಮಿನಲ್ಲೇ ಊಟ ಮಾಡುತ್ತಿದ್ದರು.

ಇಲ್ಲಿ ಜರ್ಮನಿಯ ಡುಸೆಲ್ಡಾರ್ಫ್‌ನಲ್ಲಿ ಮಕ್ಕಳಿಗೆ ಹಬ್ಬದ ಸುಗ್ಗಿ ಶುರುವಾಗೋದೂ ಅದೇ ಹೊತ್ತಿಗೆ. ನವೆಂಬರ್‌ನಲ್ಲಿ ಸಂತ ಮಾರ್ಟಿನ್ನನ ಲಾಟೀನು ಮೆರವಣಿಗೆ, ಡಿಸೆಂಬರ್ 6ಕ್ಕೆ ನಿಕೊಲಾಸ್, ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಆಡ್ವೆಂಟ್ ಭಾನುವಾರಗಳು, 24ರ ಮಧ್ಯಾಹ್ನ ಚರ್ಚಿನಲ್ಲಿ ಯೇಸು ಹುಟ್ಟಿದ ಕಥೆಯ ಮಕ್ಕಳ ನಾಟಕ. ನಡುವೆ ನಮ್ಮ ರಾಜ್ಯೋತ್ಸವ ಬೇರೆ. ಪುಟ್ಟಿ ಲಾಟೀನು ಹಿಡಿಯಬೇಕಿತ್ತು, ಕೋಲಾಟ ಆಡಬೇಕಿತ್ತು, ಕುರಿಯಾಗಬೇಕಿತ್ತು. ‘ಈ ವರ್ಷ ಏನೂ ಬೇಡ, ಮುಂದಿನ ವರ್ಷ ನೋಡೋಣ’ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ನೀವು ಯಾರೂ ಒಪ್ಪಲಿಲ್ಲ.

ಮೊದಲು ಪಕ್ಕದ ಮನೆಯ ಅಜ್ಜಿ. ಅವರಿಗೆ ಕನ್ನಡ ಬರುವುದಿಲ್ಲ, ಬೇರೆ ಕಾರ್ಡ್ ಬರೆದು ಕೊಟ್ಟಿದ್ದೇನೆ, ಆದರೂ ಇಲ್ಲಿ ಹೇಳದೆ ಇರಲಾರೆ. ಕಿಟಾ ಅಂದರೆ ಇಲ್ಲಿನ ಶಿಶುವಿಹಾರದಲ್ಲಿ ಅಪ್ಪ ಅಮ್ಮ ಬಂದು ಮಗುವಿನ ಜೊತೆ ಕೂತು ಲಾಟೀನು ಮಾಡುವ ಸಂಜೆ ಒಂದಿರುತ್ತದೆ. ಆ ಚಿಕ್ಕ ಕುರ್ಚಿಯ ಮೇಲೆ ನಮ್ಮ ಬದಲು ಮಂಡಿನೋವಿನ ಈ ಅಜ್ಜಿ ಹೋಗಿ ಕೂತರು. ಇಬ್ಬರೂ ಸೇರಿ ಕಾಗದ, ಅಂಟು, ತಂತಿ ಹಿಡಿದು ಒಂದು ಗೂಬೆ ಮಾಡಿದರು. ಇಲ್ಲಿನವರಿಗೆ ಗೂಬೆ ಅಂದರೆ ಬಹಳ ಜಾಣ ಹಕ್ಕಿ, ಅಂಗಡಿ ತುಂಬ ಗೂಬೆ ಚಿತ್ರಗಳೇ. ಪುಟ್ಟಿ ಅದನ್ನು ವಿಡಿಯೋ ಕಾಲಿನಲ್ಲಿ ಧಾರವಾಡದ ಅಜ್ಜಿಗೆ ತೋರಿಸಿದಳು. ‘ಗೂಬಿ ಯಾಕ ತಂದ್ರಿ ಮನಿಗೆ? ಅದೂ ಇಂಥಾ ಹೊತ್ತಿನ್ಯಾಗ!’ ಅಂದರು ಅಮ್ಮ. ಆ ವಾರ ನಾನು ನಕ್ಕಿದ್ದು ಅದೊಂದಕ್ಕೇ.

ಮೆರವಣಿಗೆಗೂ ಅಜ್ಜಿಯೇ ಕರೆದುಕೊಂಡು ಹೋದರು. ಕಿಟಾದ ಕಾರ್ಯಕ್ರಮಗಳಲ್ಲಿ ಬೇರೆ ಮಕ್ಕಳು ಕಾಣುವಂತೆ ವಿಡಿಯೋ ಮಾಡಬಾರದು, ನಮ್ಮ ಕಿಟಾದಲ್ಲಿ ಇದು ಬಹಳ ಕಟ್ಟುನಿಟ್ಟು. ನಿಯಮ ಒಳ್ಳೆಯದೇ, ನಾನೇ ಸಹಿ ಹಾಕಿದ್ದೇನೆ. ಹಾಗಾಗಿ ಮಗಳ ಮೆರವಣಿಗೆಯನ್ನು ನಾನು ಕಿವಿಯಿಂದ ನೋಡಿದೆ. ಅಜ್ಜಿ ರಾತ್ರಿ ಫೋನ್ ಮಾಡಿ, ನನಗೆ ಅರ್ಥವಾಗಲಿ ಎಂದು ನಿಧಾನವಾದ ಜರ್ಮನ್‌ನಲ್ಲಿ, ಒಂದೊಂದಾಗಿ ಹೇಳಿದರು. ಮುಂದೆ ಕುದುರೆಯ ಮೇಲೆ ಕೆಂಪು ಮೇಲಂಗಿಯ ಮಾರ್ಟಿನ್, ಹಿಂದೆ ಬ್ಯಾಂಡು, ಅದರ ಹಿಂದೆ ಮಕ್ಕಳು. ಕೊನೆಗೆ ದೊಡ್ಡ ಬೆಂಕಿಯ ಹತ್ತಿರ ಆತ ಕತ್ತಿಯಿಂದ ಮೇಲಂಗಿಯನ್ನು ಎರಡು ಮಾಡಿ ಚಳಿಯಲ್ಲಿ ಕೂತ ಭಿಕ್ಷುಕನಿಗೆ ಅರ್ಧ ಕೊಟ್ಟದ್ದು. ಪುಟ್ಟಿಯ ಗೂಬೆಯ ಬಲಗಣ್ಣು ದಾರಿಯಲ್ಲಿ ಬಿದ್ದುಹೋಯಿತಂತೆ. ತಾವು ಚಿಕ್ಕವರಿದ್ದಾಗ ದೊಡ್ಡ ಬೀಟ್‌ಗೆಡ್ಡೆಯನ್ನು ಕೊರೆದು ಒಳಗೆ ಮೇಣದಬತ್ತಿ ಇಟ್ಟು ಲಾಟೀನು ಮಾಡುತ್ತಿದ್ದ ಕಥೆಯೂ ಬಂತು. ಆಮೇಲೆ ಪುಟ್ಟಿ ಫೋನ್ ಕಿತ್ತುಕೊಂಡು ತನ್ನ ವರದಿ ಕೊಟ್ಟಳು. ಕುದುರೆ ದಾರಿಯಲ್ಲಿ ಲದ್ದಿ ಹಾಕಿತು. ಅಷ್ಟೇ, ಅವಳ ಪ್ರಕಾರ ಮೆರವಣಿಗೆಯಲ್ಲಿ ಬೇರೆ ಏನೂ ನಡೆಯಲಿಲ್ಲ.

ಆ ದಿನ ಮಕ್ಕಳಿಗೆ ಮನುಷ್ಯನ ಆಕಾರದ ಸಿಹಿ ಬ್ರೆಡ್ ಕೊಡುತ್ತಾರೆ. ದ್ರಾಕ್ಷಿಯ ಕಣ್ಣು, ಕೈಯಲ್ಲಿ ಮಣ್ಣಿನ ಚಿಲುಮೆ. ಹಂಚಿಕೊಂಡು ತಿನ್ನಬೇಕು ಅನ್ನುವುದು ಪದ್ಧತಿ. ಪುಟ್ಟಿ ಅರ್ಧ ತಿಂದು, ಕಾಲಿನ ಕಡೆಯ ಅರ್ಧವನ್ನು ತಮ್ಮನಿಗೆ ಎಂದು ಎತ್ತಿಟ್ಟಳು. ಅದು ಕಲ್ಲಾಗುವವರೆಗೂ ಫ್ರಿಜ್ಜಿನ ಮೇಲೆ ಇತ್ತು. ಬಿಸಾಡಲು ನಮಗೂ ಧೈರ್ಯ ಬರಲಿಲ್ಲ.

ಇನ್ನು ನಮ್ಮ ಕನ್ನಡದವರು. ನವೆಂಬರ್ 1 ಈ ರಾಜ್ಯದಲ್ಲೂ ಸರ್ಕಾರಿ ರಜೆಯೇ. ಆದರೆ ಅದು ಸತ್ತವರನ್ನು ನೆನೆಯುವ ಮೌನದ ರಜೆ, ಹಾಡು ಕುಣಿತಕ್ಕೆ ನಿರ್ಬಂಧಗಳಿವೆ. ಅದಕ್ಕೇ ನಮ್ಮ ರಾಜ್ಯೋತ್ಸವ ನವೆಂಬರ್ ತಿಂಗಳ ಯಾವುದೋ ಒಂದು ಶನಿವಾರ ಬರುತ್ತದೆ. ಈ ಸಲ ಮಕ್ಕಳ ಕೋಲಾಟ ಕಲಿಸಿದ ಅಕ್ಕ, ನಿಮಗೆ ಏನು ಹೇಳಲಿ? ಅಭ್ಯಾಸ ಮಾಡಲು ಮಕ್ಕಳೆಲ್ಲ ಸೇರುವುದು ಭಾನುವಾರ ಮಾತ್ರ. ಭಾನುವಾರವೋ, ಈ ದೇಶದಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಖಾಲಿ ಬಾಟಲಿ ಕೂಡ ಬೀದಿಯ ಡಬ್ಬಕ್ಕೆ ಹಾಕುವಂತಿಲ್ಲ. ಅಂಥದ್ದರಲ್ಲಿ ಮೂರನೇ ಮಹಡಿಯ ಮನೆಯಲ್ಲಿ ಹತ್ತು ಮಕ್ಕಳ ಕೋಲಾಟ! ಅಕ್ಕ ಕೋಲುಗಳಿಗೆಲ್ಲ ಹಳೆಯ ಉಣ್ಣೆಯ ಸಾಕ್ಸ್ ತೊಡಿಸಿ ರಬ್ಬರ್ ಬ್ಯಾಂಡ್ ಹಾಕಿಬಿಟ್ಟರು. ಮಕ್ಕಳು ಸದ್ದಿಲ್ಲದ ಕೋಲಾಟ ಕಲಿತರು.

ಇದರ ವಿಡಿಯೋ ಮಾತ್ರ ನನಗೆ ಸಿಕ್ಕಿತು, ಯಾರು ಕಳಿಸಿದಿರೋ ಪುಣ್ಯಾತ್ಮರು. ಪಾಪುವನ್ನು ಎದೆಯ ಮೇಲೆ ಮಲಗಿಸಿಕೊಂಡು, ಮೊಬೈಲಿನ ಸೌಂಡ್ ಪೂರ್ತಿ ಇಳಿಸಿ ನೋಡಿದೆ. ಇಳಕಲ್ ಸೀರೆ ಕತ್ತರಿಸಿ ಹೊಲಿದ ಲಂಗ, ಪ್ಲಾಸ್ಟಿಕ್ ಮೊಗ್ಗಿನ ಜಡೆ. ನನಗೆ ಸೌಂಡ್ ಇಲ್ಲದಿದ್ದರೂ ತಿಳಿಯಿತು, ಮೊದಲ ಏಟಿಗೇ ಎಲ್ಲ ಮಕ್ಕಳೂ ಬೆಚ್ಚಿ ನಿಂತವು. ಸಾಕ್ಸ್ ಇಲ್ಲದ ಕೋಲಿನ ಸದ್ದನ್ನು ಅವು ಮೊದಲ ಸಲ ಕೇಳಿದ್ದು ಸ್ಟೇಜಿನ ಮೇಲೇ! ಒಂದು ಕ್ಷಣ ಅಷ್ಟೇ. ಆಮೇಲೆ ಆ ಸದ್ದು ಎಷ್ಟು ರುಚಿ ಹತ್ತಿತು ಅಂದರೆ, ಹಾಡು ಮುಗಿದರೂ ಪುಟ್ಟಿ ಮತ್ತು ಇನ್ನೊಬ್ಬ ಹುಡುಗ ಬಡಿಯುತ್ತಲೇ ಇದ್ದರು. ಲಂಗ ಹೊಲಿದವರು, ಜಡೆ ಹಾಕಿದವರು, ಕರೆದುಕೊಂಡು ಹೋಗಿ ಊಟ ಮಾಡಿಸಿ ವಾಪಸ್ ತಂದು ಬಿಟ್ಟವರು ಬೇರೆ ಬೇರೆ ಮನೆಯವರು ಅಂತ ಆಮೇಲೆ ಗೊತ್ತಾಯಿತು.

ಪಾಪುವನ್ನು ಹಾಗೆ ಬರಿ ಎದೆಗೆ ಒರಗಿಸಿಕೊಂಡು ಗಂಟೆಗಟ್ಟಲೆ ಕೂರುವುದನ್ನು ಕಾಂಗರೂ ಆರೈಕೆ ಅನ್ನುತ್ತಾರೆ. 1978ರ ಹೊತ್ತಿಗೆ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಡಾಕ್ಟರುಗಳು ಶುರು ಮಾಡಿದ್ದಂತೆ. ಈಗ ಇನ್‌ಕ್ಯುಬೇಟರ್‌ಗೆ ಕೊರತೆ ಇಲ್ಲದ ಆಸ್ಪತ್ರೆಗಳಲ್ಲೂ ಮಾಡಿಸುತ್ತಾರೆ. ನಮ್ಮ ರಾತ್ರಿ ಪಾಳಿಯ ನರ್ಸ್ ಇದನ್ನೆಲ್ಲ ಹೇಳುತ್ತಾ ಬೆನ್ನಿಗೆ ದಿಂಬು ಕೊಡುತ್ತಿದ್ದರು. ಅವರ ಬಗ್ಗೆ ಒಂದೇ ಒಂದು ದೂರು. ಬಾಣಂತಿಗೆ ಗ್ಯಾಸ್ ತುಂಬಿದ ತಣ್ಣೀರಿನ ಬಾಟಲಿ ತಂದಿಡುತ್ತಿದ್ದರು! ಸಂಜೆ ಊಟವೂ ಅಷ್ಟೇ, ತಣ್ಣನೆ ಬ್ರೆಡ್ಡು, ಚೀಸು, ಎರಡು ಸೌತೆಕಾಯಿ ಹೋಳು. ಇಲ್ಲಿ ಮನೆಗಳಲ್ಲೂ ಹಾಗೇ, ರಾತ್ರಿ ಒಲೆ ಹಚ್ಚದಿದ್ದರೂ ನಡೆಯುತ್ತದೆ. ಅಮ್ಮನಿಗೆ ಇದನ್ನು ಹೇಳುವ ತಪ್ಪನ್ನು ನಾನು ಮಾಡಲಿಲ್ಲ. ಏಕೆಂದರೆ ಅಷ್ಟರಲ್ಲಿ ನಿಮ್ಮ ಡಬ್ಬಗಳು ಬರತೊಡಗಿದ್ದವು. ಮೈಸೂರಿನವರ ಮೆಣಸಿನ ಸಾರು, ಬೆಳ್ಳುಳ್ಳಿ ಹಾಕಿ ಬಿಸಿಬಿಸಿಯಾಗಿ. ವಿಜಯಪುರದವರ ಅಂಟಿನುಂಡೆ. ಮಂಗಳೂರಿನವರ ಗಂಜಿ. ಜೊತೆಗೆ ಸಲಹೆಗಳು! ಒಬ್ಬರು ನೀರು ಜಾಸ್ತಿ ಕುಡಿ ಅಂದರೆ ಇನ್ನೊಬ್ಬರು ಮುಟ್ಟಲೇಬೇಡ ಅಂದರು. ಮೂರು ಜಿಲ್ಲೆಯ ಬಾಣಂತನ ಒಬ್ಬಳಿಗೇ ಆಯಿತು. ಸಲಹೆ ಬಿಟ್ಟೆ, ಸಾರು ಕುಡಿದೆ.

ಕಾಗದಪತ್ರ ನೋಡಿಕೊಂಡ ಗೆಳತಿಯನ್ನು ಮರೆಯಬಾರದು. ಅವಧಿಗೆ ಮುಂಚೆ ಹೆರಿಗೆಯಾದರೆ ಇಲ್ಲಿ ಹೆರಿಗೆಯ ನಂತರದ ರಜೆ 8 ವಾರದ ಬದಲು 12 ವಾರ. ಹೆರಿಗೆಗೆ ಮುಂಚೆ ತೆಗೆದುಕೊಳ್ಳಲಾಗದ ದಿನಗಳೂ ಅದಕ್ಕೆ ಸೇರುತ್ತವೆ. ನನಗೆ ಇದು ಗೊತ್ತೇ ಇರಲಿಲ್ಲ. ಅವಳೇ ಫಾರಂ ತುಂಬಿಸಿ, ಎಲ್ಲಿ ಸಹಿ ಅಂತ ಪೆನ್ಸಿಲ್ ಗುರುತು ಹಾಕಿ ಕೊಟ್ಟಳು. ಇಂಥ ಪರಿಸ್ಥಿತಿಯಲ್ಲಿ ಯಾರಾದರೂ ಇದ್ದರೆ ನನಗೆ ಬರೆಯಿರಿ, ಅವಳ ನಂಬರ್ ಕೊಡುತ್ತೇನೆ. ಅವಳನ್ನು ಕೇಳಿಯೇ ಹೇಳುತ್ತಿದ್ದೇನೆ.

ನಿಕೊಲಾಸ್ ಹಬ್ಬ ನಮಗೆ ನೆನಪೇ ಇರಲಿಲ್ಲ. ಹಿಂದಿನ ರಾತ್ರಿ ಬೂಟು ಒರೆಸಿ ಬಾಗಿಲಲ್ಲಿ ಇಡಬೇಕು, ಬೆಳಿಗ್ಗೆ ಅದರಲ್ಲಿ ಕಿತ್ತಳೆ, ಅಕ್ರೋಟು, ಚಾಕಲೇಟು ಇರಬೇಕು. ಪುಟ್ಟಿ ಬೂಟು ಇಟ್ಟು ಮಲಗಿದ್ದಾಳೆ, ನಮ್ಮವರು ಬಂದು ಅದನ್ನು ನೋಡದೆ ದಾಟಿ ಒಳಗೆ ಹೋಗಿದ್ದಾರೆ. ಬೆಳಿಗ್ಗೆ ಬೂಟು ತುಂಬಿತ್ತು. ಮೇಲಿನ ಮನೆಯ ಟರ್ಕಿ ಅಕ್ಕನ ಕೆಲಸ. ‘ನಿಕೊಲಾಸ್ ನಮ್ಮ ಕಡೆಯವನೇ, ಮೈರಾ ಊರಿನ ಬಿಷಪ್, ಅದು ಈಗ ಟರ್ಕಿಯಲ್ಲಿದೆ. ಅವನ ಕೆಲಸ ನಾನು ಮಾಡದೆ ಇನ್ಯಾರು ಮಾಡಬೇಕು’ ಅಂದರು.

ಕಿಟಾದ ಅಪ್ಪ ಅಮ್ಮಂದಿರು ಮಾಡಿದ್ದು ಇನ್ನೊಂದು. ಡಿಸೆಂಬರ್ 1ರಿಂದ 24ರವರೆಗೆ ದಿನಕ್ಕೊಂದು ಕಿಟಕಿ ತೆರೆಯುವ ಕ್ಯಾಲೆಂಡರ್ ಇರುತ್ತದಲ್ಲ, ಅದರ ಬದಲು ಒಂದು ದಾರಕ್ಕೆ 24 ಪುಟಾಣಿ ಚೀಲ ಕಟ್ಟಿ ತಂದುಕೊಟ್ಟರು. ಕೆಲವುದರಲ್ಲಿ ಸ್ಟಿಕ್ಕರ್, ಬಳಪ. ಆದರೆ ತುಂಬ ಚೀಲಗಳಲ್ಲಿ ಇದ್ದದ್ದು ಒಂದು ಚೀಟಿ. ‘ಇವತ್ತು ಕಿಟಾ ಮುಗಿದ ಮೇಲೆ ನೀನು ನಮ್ಮ ಮನೆಗೆ.’ ‘ಇವತ್ತು ಬಿಸ್ಕತ್ತು ಮಾಡೋಣ ಬಾ.’ ಮಗಳಿಗೆ ಅದು ಉಡುಗೊರೆ. ನಮಗೆ ಆ ಸಂಜೆ ಯಾರು ಕರೆದುಕೊಂಡು ಬರಬೇಕು ಅನ್ನುವ ಚಿಂತೆ ತಪ್ಪಿತ್ತು.

ತಮ್ಮ ಯಾವಾಗ ಬರುತ್ತಾನೆ ಅನ್ನುವುದಕ್ಕೂ ಪಕ್ಕದ ಮನೆ ಅಜ್ಜಿಯೇ ಉತ್ತರ ಹುಡುಕಿದರು. ಆಡ್ವೆಂಟ್ ಹಾರದಲ್ಲಿ ನಾಲ್ಕು ಮೇಣದಬತ್ತಿ, ಭಾನುವಾರಕ್ಕೊಂದು ಹಚ್ಚಬೇಕು. 1839ರಲ್ಲಿ ಹ್ಯಾಂಬರ್ಗ್‌ನ ವಿಷರ್ನ್ ಎಂಬ ಪಾದ್ರಿ, ಹಬ್ಬ ಯಾವಾಗ ಎಂದು ಪೀಡಿಸುತ್ತಿದ್ದ ಆಶ್ರಮದ ಮಕ್ಕಳಿಗೆ ದಿನ ಎಣಿಸಲು ಬರಲಿ ಎಂದು ಹಳೆಯ ಗಾಡಿಚಕ್ರದ ಮೇಲೆ ಮೇಣದಬತ್ತಿ ನೆಟ್ಟದ್ದರಿಂದ ಬಂದ ಪದ್ಧತಿಯಂತೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳು ಸಾಮಾನ್ಯವಾಗಿ ಹುಟ್ಟಬೇಕಿದ್ದ ದಿನದ ಆಚೀಚೆ ಮನೆಗೆ ಹೋಗುತ್ತವೆ ಎಂದು ಡಾಕ್ಟರು ಹೇಳಿದ್ದರು. ಅಜ್ಜಿ ಧೈರ್ಯ ಮಾಡಿ ‘ನಾಲ್ಕನೇ ಬತ್ತಿ’ ಅಂದುಬಿಟ್ಟರು. ನನಗೋ ಎದೆಯಲ್ಲಿ ಡವಡವ, ಆಗದಿದ್ದರೆ ಏನು ಮಾಡೋದು? ಮೂರನೇ ಬತ್ತಿ ಉರಿದ ವಾರದಲ್ಲೇ ಪಾಪುವನ್ನು ಮನೆಗೆ ಕಳಿಸಿದರು.

ಹಾಗಾಗಿ 24ಕ್ಕೆ, ಮೂರು ಕಾರ್ಯಕ್ರಮಗಳಲ್ಲಿ ಒಂದನ್ನಾದರೂ ನಾನು ಕಣ್ಣಾರೆ ನೋಡಿದೆ. ಪಾಪುವಿನ ಹತ್ತಿರ ಅವನ ಅಪ್ಪ. ಅಂಗಡಿಗಳು ಅವತ್ತು ಮಧ್ಯಾಹ್ನ ಮುಚ್ಚಿದರೆ ತೆರೆಯುವುದು 27ಕ್ಕೇ. ಅಷ್ಟು ದಿನಕ್ಕೆ ಬೇಕಾದ ಸಾಮಾನು ತಂದು ಬಾಗಿಲಲ್ಲಿಟ್ಟು ಹೋದವರಿಗೂ ಒಂದು ನಮಸ್ಕಾರ. ಚರ್ಚಿನಲ್ಲಿ ನಿಲ್ಲಲೂ ಜಾಗ ಇರಲಿಲ್ಲ. ವರ್ಷಕ್ಕೊಮ್ಮೆ ಬರುವವರೆಲ್ಲ ಅವತ್ತೇ ಬರುತ್ತಾರೆ ಅಂತ ಅಜ್ಜಿ ಕಿವಿಯಲ್ಲಿ ಗೊಣಗಿದರು. ಮೇರಿಯಾಗಿದ್ದ ಹುಡುಗಿಯ ಮನೆಯವರು ಸಿರಿಯಾದಿಂದ ಬಂದವರು. ಕುರಿ ಧಾರವಾಡದ್ದು. ಬಾತ್‌ರೂಮಿನ ಬಿಳಿ ಮ್ಯಾಟ್ ಕತ್ತರಿಸಿ ಹೊಲಿದ ಅಂಗಿ, ಕರಿ ಕಾಲುಚೀಲದ ಕಿವಿ. ಕುರಿಗಳಿಗೆ ಮಾತಿಲ್ಲ, ಮಲಗಿದ್ದರೆ ಸಾಕು.

ಮಲಗಿದ್ದರೆ ತಾನೇ. ಪುಟ್ಟಿ ತಮ್ಮನನ್ನು ಬಹಳ ದಿನ ನೋಡಿದ್ದು ಫೋಟೋದಲ್ಲಿ ಮಾತ್ರ. ಚಳಿಗಾಲದ ಸೋಂಕಿನ ಭಯಕ್ಕೆ ಚಿಕ್ಕ ಮಕ್ಕಳನ್ನು ವಾರ್ಡಿಗೆ ಬಿಡುತ್ತಿರಲಿಲ್ಲ. ಎಲ್ಲ ಫೋಟೋದಲ್ಲೂ ಅವನ ಮೂಗಿಗೆ ಹಾಲಿನ ನಳಿಕೆ. ಕುರಿ ಎದ್ದಿತು, ನಾಲ್ಕು ಕಾಲಿನಲ್ಲಿ ಗೋದಲಿಯ ಹತ್ತಿರ ಹೋಯಿತು, ಬಗ್ಗಿ ಗೊಂಬೆಯ ಮುಖ ನೋಡಿತು. ಆಮೇಲೆ ಇಡೀ ಚರ್ಚಿಗೆ ಕೇಳುವಂತೆ ಜರ್ಮನ್‌ನಲ್ಲಿ, ‘ಇವನ ಮೂಗಿನ ಟ್ಯೂಬ್ ಎಲ್ಲಿ?’ ಎಂದು ಕೇಳಿತು. ಜೋಸೆಫ್ ಆಗಿದ್ದ ಆರು ವರ್ಷದ ಹುಡುಗ ಒಂಚೂರೂ ಗಲಿಬಿಲಿಯಾಗದೆ, ‘ತೆಗೆದುಬಿಟ್ಟಿದ್ದಾರೆ, ಈಗ ತಾನಾಗಿಯೇ ಕುಡಿಯುತ್ತಾನೆ’ ಅಂದ. ಕುರಿ ವಾಪಸ್ ಹೋಗಿ ಮಲಗಿತು. ನಾಟಕ ಮುಂದುವರಿಯಿತು. ಆ ಹುಡುಗನಿಗೆ ಈ ವಿಷಯ ಯಾರು ಹೇಳಿದ್ದರು ಅಂತ ಕೇಳಿದರೆ, ಅವರ ಮನೆಯಲ್ಲಿ ದಿನಾ ರಾತ್ರಿ ಊಟಕ್ಕೆ ಕೂತಾಗ ನಮ್ಮ ಪಾಪುವಿನ ಸುದ್ದಿ ಆಗುತ್ತಿತ್ತಂತೆ. ಅವರ ಅಮ್ಮನ ಪರಿಚಯ ನನಗೆ ಬಾಗಿಲಲ್ಲಿ ‘ಹಲೋ’ ಅನ್ನುವಷ್ಟು ಮಾತ್ರ ಇತ್ತು.

ಹೆಸರು ಹಾಕಬೇಡಿ ಅಂತ ತುಂಬ ಜನ ಹೇಳಿದ್ದರಿಂದ ಯಾರದ್ದೂ ಹಾಕಿಲ್ಲ. ನೀವು ಯಾರು ಯಾರು ಅಂತ ನಿಮಗೆ ಗೊತ್ತು, ನನಗೂ ಗೊತ್ತು. ಒಂದು ವಿಷಯ ಮಾತ್ರ ಗೊತ್ತಿಲ್ಲ, ಡಬ್ಬಗಳು ಯಾರವು? ಮುಚ್ಚಳದ ಮೇಲೆ ‘ಎಸ್’ ಎಂದು ಕೆತ್ತಿದ ಸ್ಟೀಲ್ ಡಬ್ಬ, ಹಸಿರು ಮುಚ್ಚಳದ ದೊಡ್ಡದು, ಎರಡು ಥರ್ಮಾಸ್, ಒಂದು ಸೌಟು, ಮೊಗ್ಗಿನ ಜಡೆಯ ಸೆಟ್ಟು ನಮ್ಮ ಮನೆಯಲ್ಲಿವೆ. ಖಾಲಿ ಡಬ್ಬ ವಾಪಸ್ ಕೊಡಬಾರದು ಅಂತ ಅಮ್ಮ ಚಕ್ಕುಲಿ ಮಾಡುತ್ತಿದ್ದಾರೆ. ಶನಿವಾರ ಸಂಜೆ ನಾಲ್ಕರ ಮೇಲೆ ಮನೆಯಲ್ಲೇ ಇರುತ್ತೇವೆ, ಬಂದು ತೆಗೆದುಕೊಂಡು ಹೋಗಿ, ಪಾಪುವನ್ನೂ ನೋಡಿದ ಹಾಗಾಗುತ್ತದೆ. ನೆಗಡಿ ಕೆಮ್ಮು ಇರುವವರು ಮಾತ್ರ ದಯವಿಟ್ಟು ವಾಸಿಯಾದ ಮೇಲೆ ಬನ್ನಿ, ನಿಮ್ಮ ಪಾಲಿನ ಚಕ್ಕುಲಿ ಎತ್ತಿಟ್ಟಿರುತ್ತೇವೆ.