ಎರಡು ಲೋಬ್ ಕಂಡರೆ ನಡುವೆ ಹುಡುಕಿ
ಎಲ್ಲರಿಗೂ ನಮಸ್ಕಾರ. ನಿನ್ನೆ ಒಂದು ರೇಡಿಯೋ ಚಿತ್ರ ಹಾಕಿ, ಅದರಲ್ಲಿನ ಎರಡು ಲೋಬ್‌ಗಳು (ಗ್ಯಾಲಕ್ಸಿಯ ಎರಡು ಪಕ್ಕಕ್ಕೆ ಹರಡಿ ರೇಡಿಯೋ ಅಲೆ ಸೂಸುವ ದೊಡ್ಡ ಮೋಡಗಳು) ಯಾವ ಗ್ಯಾಲಕ್ಸಿಯಿಂದ ಬಂದವು ಅಂತ ಗುರುತಿಸಲು ಕೇಳಿದ್ದೆ. ಜಾಸ್ತಿ ಜನ ಎಡಗಡೆ ಲೋಬ್ ಮೇಲಿನ ಚುಕ್ಕೆಗೇ ಗುರುತು ಹಾಕಿದ್ದೀರಿ. ಅದು ಸುಮ್ನೆ ಅಡ್ಡ ಬಂದ ನಕ್ಷತ್ರ ಇರಬಹುದು. ಮೊದಲು ಎರಡು ಲೋಬ್‌ಗಳ ನಡುವೆ ಹುಡುಕಿ. ಅಲ್ಲೊಂದು ಸಣ್ಣ ರೇಡಿಯೋ ಚುಕ್ಕೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ, ಅದು ಆ ಗ್ಯಾಲಕ್ಸಿಯ ಕೇಂದ್ರ ಇರಬಹುದು. ಆಮೇಲೆ ವೈಸ್ ದೂರದರ್ಶಕದ 3.4 ಮೈಕ್ರಾನ್ ಇನ್‌ಫ್ರಾರೆಡ್ ಚಿತ್ರದ ಜೊತೆ ಹೊಂದಿಸಿ ನೋಡಿ. ಮಾಮೂಲಿ ಬೆಳಕಿನಲ್ಲಿ ಧೂಳು ಮರೆಮಾಡಿದ ಗ್ಯಾಲಕ್ಸಿಯೂ ಅಲ್ಲಿ ಕಾಣಬಹುದು. ಲೋಬ್‌ಗಳು ಬಾಗಿದ್ದರೆ ನೇರ ಗೆರೆ ಎಳೆಯಬೇಡಿ, ಬಾಗಿದ ಬಾಲದ ಜಾಡು ಹಿಡಿದು ಅದು ಹೊರಟ ಗ್ಯಾಲಕ್ಸಿಯ ಕಡೆಗೆ ಹಿಂದಕ್ಕೆ ಹೋಗಿ.

ಸಿಗ್ನಸ್ ಎ ಅನ್ನೋ ರೇಡಿಯೋ ಗ್ಯಾಲಕ್ಸಿ ಗೊತ್ತಲ್ವಾ? 1953ರಲ್ಲಿ ವಿಜ್ಞಾನಿಗಳಾದ ಜೆನಿಸನ್ ಮತ್ತು ದಾಸ್ ಗುಪ್ತ ಅಳೆದಾಗ ರೇಡಿಯೋ ಅಲೆ ಬರುತ್ತಿದ್ದದ್ದು ಎರಡು ಕಡೆಯಿಂದ. ಗ್ಯಾಲಕ್ಸಿ ಇದ್ದದ್ದು ನಡುವೆ!

ನಿನ್ನೆಯ ಚಿತ್ರವನ್ನೇ ಇನ್ನೊಮ್ಮೆ ನೋಡಿ, ಉತ್ತರ ಇಲ್ಲೇ ಹಾಕಿ. ಅನುಮಾನ ಇದ್ದರೆ ‘ಗೊತ್ತಿಲ್ಲ’ ಅಂತ ಬರೆದರೂ ಸರಿ.